2000 ಪಾಯಿಂಟ್‌ಗಳ ಸೈನ್ಯ, ಮೂರು 15ಗಳ ಪಾತ್ರ: ಲೆಕ್ಕ ಸರಿಯಿದ್ದರೂ ಸೋಲುತ್ತಿರುವುದೇಕೆ?

ಹೊಸ ದಳಪತಿ

ಎಲ್ಲರಿಗೂ ನಮಸ್ಕಾರ. ಸುಮಾರು ಒಂದು ವರ್ಷದಿಂದ ವಾರ್‌ಹ್ಯಾಮರ್ 40,000 ಎಂಬ, ಮೇಜಿನ ಮೇಲೆ ಬೊಂಬೆಗಳ ಸೈನ್ಯ ನಡೆಸುವ ಯುದ್ಧದಾಟದ 10ನೇ ಆವೃತ್ತಿಯನ್ನೂ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ 5ನೇ ಆವೃತ್ತಿಯನ್ನೂ ಆಡುತ್ತಿದ್ದೇನೆ. ಎರಡರಲ್ಲೂ ನನ್ನನ್ನು ಕಾಡುತ್ತಿರುವ ತೊಂದರೆಗಳು ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಅವುಗಳ ಬೇರು ಒಂದೇ ಇರಬಹುದೆಂಬ ಅನುಮಾನ ಬಂದದ್ದರಿಂದ ಒಟ್ಟಿಗೆ ಕೇಳುತ್ತಿದ್ದೇನೆ.

ಸೈನ್ಯದ ಪ್ರತಿ ತಂಡಕ್ಕೂ ಪಾಯಿಂಟ್‌ಗಳಲ್ಲಿ ಒಂದು ಬೆಲೆಯಿರುತ್ತದೆ. ನನ್ನ 2000 ಪಾಯಿಂಟ್‌ಗಳ ಪಟ್ಟಿಯಲ್ಲಿ ಎರಡು ಭಾರೀ ಟ್ಯಾಂಕ್‌ಗಳು, ಒಂದು ನಡೆಯುವ ಯಂತ್ರ, ಡೀಪ್ ಸ್ಟ್ರೈಕ್ ಮೂಲಕ, ಅಂದರೆ ಆಟದ ನಡುವೆ ನೇರವಾಗಿ ಮೇಜಿನ ಮೇಲೆ ಇಳಿದು ಕೈಕೈ ಮಿಲಾಯಿಸುವ ಹತ್ತು ಜನ ಆಯ್ದ ಯೋಧರು, ಅವರ ಜೊತೆಗೊಬ್ಬ ನಾಯಕ ಮತ್ತು ಉಳಿದ ಪಾಯಿಂಟ್‌ಗಳಲ್ಲಿ ಐದೈದು ಜನರ ಎರಡು ಕಾಲಾಳು ತಂಡಗಳಿವೆ. ಟ್ಯಾಂಕ್ ಒಡೆಯಬಲ್ಲ ಫಿರಂಗಿಗಳು ಒಟ್ಟು ಮೂರು. ಅವು ಎದುರಾಳಿಯ ವಾಹನವನ್ನು ಒಡೆಯಬೇಕು, ಅದರೊಳಗಿಂದ ಇಳಿದವರ ಮೇಲೆ ಆಯ್ದ ಯೋಧರು ಎರಗಬೇಕು ಎಂಬುದು ನನ್ನ ಯೋಜನೆ. ಕಳೆದ ಮೂರು ಆಟಗಳಲ್ಲಿ ನಾನು ಕಳೆದುಕೊಂಡದ್ದಕ್ಕಿಂತ ಹೆಚ್ಚು ಬೊಂಬೆಗಳನ್ನು ಎದುರಾಳಿಯಿಂದ ಕಿತ್ತುಕೊಂಡಿದ್ದೇನೆ, ಆದರೂ ಮೂರನ್ನೂ ಅಂಕಗಳಲ್ಲಿ ಸೋತಿದ್ದೇನೆ.

ಪಾತ್ರದ ವಿಷಯವೂ ಹೀಗೆಯೇ ಇದೆ. 27 ಪಾಯಿಂಟ್‌ಗಳನ್ನು ಹಂಚಿ ಬಲ, ದೇಹದಾರ್ಢ್ಯ, ಚುರುಕುತನ ಮೂರಕ್ಕೂ 15 ಕೊಟ್ಟು, ಬುದ್ಧಿ, ವಿವೇಕ, ವರ್ಚಸ್ಸು ಮೂರನ್ನೂ 8ಕ್ಕೆ ಬಿಟ್ಟೆ. ಪಾತ್ರದ ಜನಾಂಗದಿಂದ ಬಲಕ್ಕೆ 2, ದಾರ್ಢ್ಯಕ್ಕೆ 1 ಸೇರಿತು. ಕಾಳಗದಲ್ಲಿ ಇವನು ಗಟ್ಟಿಗ, ಆದರೆ ಕಾಳಗ ಮುಗಿದ ಮೇಲೆ ಎರಡು ಗಂಟೆಗಳ ಕಾಲ ನಾನು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚುತ್ತಾ ಕೂರಬೇಕಾಗುತ್ತದೆ. ಎರಡೂ ಕಡೆ ಇರುವುದರಲ್ಲಿ ಉತ್ತಮವಾದದ್ದನ್ನೇ ಆರಿಸಿಕೊಂಡಿದ್ದೇನೆ ಎಂದು ನಂಬಿದ್ದೆ. ಎಲ್ಲಿ ಎಡವಿದ್ದೇನೆ?

ಮೂರನೆಯ ದಾಳ

ಮೊದಲು ಸೈನ್ಯದ ಲೆಕ್ಕವನ್ನು ನೋಡೋಣ, ಏಕೆಂದರೆ ನೀವು ಸರಾಸರಿಯನ್ನು ಭರವಸೆ ಎಂದು ಓದಿಕೊಂಡಿರುವಂತೆ ಕಾಣುತ್ತದೆ. ಒಂದು ಫಿರಂಗಿಯ ಗುಂಡು ತಾಗಲು ಆರು ಮುಖದ ದಾಳದಲ್ಲಿ 3 ಅಥವಾ ಹೆಚ್ಚು, ಗಾಯ ಮಾಡಲು 3 ಅಥವಾ ಹೆಚ್ಚು ಬೇಕು, ಎದುರಾಳಿಯ ಕವಚ 5 ಅಥವಾ ಹೆಚ್ಚು ಬಿದ್ದಾಗ ಅದನ್ನು ತಡೆಯುತ್ತದೆ ಎಂದಿಟ್ಟುಕೊಳ್ಳಿ. ಮೂರು ಹಂತಗಳಲ್ಲೂ ನಿಮ್ಮ ಪರವಾದ ಸಾಧ್ಯತೆ ಮೂರರಲ್ಲಿ ಎರಡು. ಮೂರನ್ನೂ ಗುಣಿಸಿದರೆ 27ರಲ್ಲಿ 8, ಅಂದರೆ ಸುಮಾರು 30 ಪ್ರತಿಶತ. ಮೂರು ಗುಂಡುಗಳ ಸರಾಸರಿ 0.89 ಆಗುವುದರಿಂದ ಪ್ರತಿ ಸುತ್ತಿಗೆ ಹೆಚ್ಚುಕಡಿಮೆ ಒಂದು ಒಳಹೊಕ್ಕೇ ಹೊಗುತ್ತದೆ ಎಂದು ಮನಸ್ಸು ಲೆಕ್ಕ ಹಾಕಿಬಿಡುತ್ತದೆ. ಆದರೆ ಮೂರೂ ಗುಂಡುಗಳು ವ್ಯರ್ಥವಾಗುವ ಸಾಧ್ಯತೆ 35 ಪ್ರತಿಶತದಷ್ಟಿದೆ. ನಾಲ್ಕು ಗುಂಡುಗಳಿದ್ದರೆ ಅದು 25ಕ್ಕೆ, ಆರಿದ್ದರೆ 12ಕ್ಕೆ ಇಳಿಯುತ್ತದೆ.

ಇನ್ನು ಡೀಪ್ ಸ್ಟ್ರೈಕ್‌ನಿಂದ ಇಳಿದವರು ಎರಗಲು ಎರಡು ದಾಳಗಳಲ್ಲಿ 9 ಅಥವಾ ಹೆಚ್ಚು ಬೀಳಬೇಕು. 36ರಲ್ಲಿ 10 ಎಸೆತಗಳಷ್ಟೇ ಹಾಗೆ ಬೀಳುತ್ತವೆ, ಅದು 28 ಪ್ರತಿಶತ. ಒಂದು ಮರುಎಸೆತವನ್ನು ಉಳಿಸಿಟ್ಟುಕೊಂಡಿದ್ದರೂ 48 ಪ್ರತಿಶತವನ್ನು ದಾಟುವುದಿಲ್ಲ. ಫಿರಂಗಿ ಫಲಿಸಿ, ಎರಗುವಿಕೆಯೂ ಫಲಿಸುವುದಕ್ಕೆ 65 ಮತ್ತು 48ನ್ನು ಗುಣಿಸಿ ನೋಡಿ: ನಿಮ್ಮ ಯೋಜನೆ ಅಂದುಕೊಂಡಂತೆ ನಡೆಯುವುದು ಹತ್ತರಲ್ಲಿ ಮೂರು ಸಲ. ಅದೂ ಒಳಹೊಕ್ಕ ಒಂದೇ ಗುಂಡು ವಾಹನವನ್ನು ಪೂರ್ತಿ ಒಡೆಯುತ್ತದೆ ಎಂದು ಭಾವಿಸಿ ಹಾಕಿದ ಉದಾರವಾದ ಲೆಕ್ಕ. ಉಳಿದ ಏಳು ಸಲ ನಿಮ್ಮ ಸೈನ್ಯ ಏನು ಮಾಡಬೇಕೆಂಬುದು ಆ ಪಟ್ಟಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಗುಲ್ಮಪತಿ

ಮೂರನೆಯ ದಾಳ ಅವರ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಫಿರಂಗಿಗಳನ್ನು ಆರಕ್ಕೆ ಏರಿಸಿದರೂ ನೀವು ಸೋಲುತ್ತೀರಿ ಎಂಬುದು ನನ್ನ ಅನಿಸಿಕೆ. ಐದು ಸುತ್ತುಗಳ ಈ ಆಟದಲ್ಲಿ ಅಂಕಗಳು ಹೆಚ್ಚಾಗಿ ಸಿಗುವುದು ಆಬ್ಜೆಕ್ಟಿವ್‌ಗಳ, ಅಂದರೆ ಹಿಡಿಯಬೇಕಾದ ಗುರುತಿನ ಜಾಗಗಳ ಮೇಲೆ ನಿಲ್ಲುವುದರಿಂದ ಮತ್ತು ಮೇಜಿನ ಇಂತಿಂಥ ಮೂಲೆಗಳಿಗೆ ತಲುಪಿ ಒಂದು ಕೆಲಸವನ್ನು ಮುಗಿಸುವುದರಿಂದ. ನಿಮ್ಮಲ್ಲಿ ಆ ಕೆಲಸಕ್ಕೆ ಬಿಡುವಿರುವವರು ಹತ್ತು ಜನ ಕಾಲಾಳುಗಳು ಮಾತ್ರ. ಎದುರಾಳಿಗೂ ಅದು ಗೊತ್ತಾಗುತ್ತದೆ. ಅವರು ಟ್ಯಾಂಕ್‌ಗಳ ಕಡೆ ತಿರುಗಿಯೂ ನೋಡದೆ ಮೊದಲೆರಡು ಸುತ್ತುಗಳಲ್ಲಿ ಆ ಹತ್ತು ಜನರನ್ನು ಮುಗಿಸಿದರೆ ಸಾಕು.

ಪಟ್ಟಿ ಬರೆಯುವಾಗ ನಾನು ಅನುಸರಿಸುವ ಒಂದು ಕ್ರಮವಿದೆ. ಯೂನಿಟ್‌ನ ಹೆಸರಿನ ಮುಂದೆ ಅದರ ಪಾಯಿಂಟ್‌ಗಳನ್ನು ಬರೆಯುವ ಮೊದಲು ಒಂದೇ ಒಂದು ಕ್ರಿಯಾಪದವನ್ನು ಬರೆಯುತ್ತೇನೆ: ಹಿಡಿ, ತಡೆ, ಒಡೆ, ಸೆಳೆ, ಕಾಯಿ, ಓಡು. ಎರಡು ಕ್ರಿಯಾಪದ ಬೇಕೆನಿಸುವ ಯೂನಿಟ್ ಸಾಮಾನ್ಯವಾಗಿ ಎರಡನ್ನೂ ಅರೆಬರೆಯಾಗಿ ಮಾಡುತ್ತದೆ, ಒಂದೂ ಹೊಳೆಯದ ಯೂನಿಟ್ ಬರೀ ಇಷ್ಟವಾದದ್ದಕ್ಕೆ ಪಟ್ಟಿಗೆ ಸೇರಿರುತ್ತದೆ. ಇಷ್ಟವಾದದ್ದನ್ನು ಸೇರಿಸುವುದು ತಪ್ಪಲ್ಲ, ಆದರೆ ಅದಕ್ಕೂ ಒಂದು ಕೆಲಸ ಹುಡುಕಿಕೊಡಬೇಕು. ನಿಮ್ಮ ಪಟ್ಟಿಯನ್ನು ಈ ರೀತಿ ಬರೆದರೆ ಒಡೆ, ಒಡೆ, ಒಡೆ, ಒಡೆ, ಹಿಡಿ, ಹಿಡಿ ಎಂದಾಗುತ್ತದೆ. ತಡೆಯುವವರೂ ಇಲ್ಲ, ಸೆಳೆಯುವವರೂ ಇಲ್ಲ.

ಎದುರಾಳಿಯ ಬಲಿಷ್ಠ ಯೂನಿಟ್ ಒಂದು ಸುತ್ತನ್ನು ನಿಮ್ಮ ಅಗ್ಗದ ಯೂನಿಟ್ ಮೇಲೆ ಕಳೆದರೆ ಅದು ನಿಮಗೆ ಲಾಭವೇ. 60–70 ಪಾಯಿಂಟ್‌ಗಳ ತಂಡವೊಂದು ದಾರಿಗಡ್ಡವಾಗಿ ನಿಂತು ಸತ್ತು, ಎದುರಾಳಿಯ 300 ಪಾಯಿಂಟ್‌ಗಳ ದಂಡನ್ನು ಒಂದು ಸುತ್ತು ತಡಮಾಡಿಸಿದರೆ ಅದು ತನ್ನ ಕೆಲಸವನ್ನು ಪೂರ್ತಿ ಮಾಡಿದೆ ಎಂದೇ ಅರ್ಥ. ಆಟ ಮುಗಿದ ಮೇಲೆ ಯಾರು ಎಷ್ಟು ಜನರನ್ನು ಕೊಂದರು ಎಂದು ಎಣಿಸುವ ಅಭ್ಯಾಸವಿದ್ದರೆ ಈ ತಂಡದ ಬೆಲೆ ಯಾವತ್ತೂ ಕಾಣುವುದಿಲ್ಲ.

ಹೊಸ ದಳಪತಿ

ಕ್ರಿಯಾಪದಗಳನ್ನು ಬರೆದು ನೋಡಿದೆ. ನೀವು ಹೇಳಿದಂತೆಯೇ ಇದೆ. ಆದರೆ ಒಂದು ಸಂದೇಹ ಉಳಿದಿದೆ. ಅಗ್ಗದ ಯೂನಿಟ್‌ಗಳನ್ನು ಹೆಚ್ಚಿಸುತ್ತಾ ಹೋದರೆ ಒಡೆಯುವ ಶಕ್ತಿ ಕುಗ್ಗುತ್ತದೆ. ನುರಿತ ಕೆಲವರು ಒಳ್ಳೆಯದೋ, ಸಾಧಾರಣರಾದ ಹಲವರು ಒಳ್ಳೆಯದೋ?

ಮೂರನೆಯ ದಾಳ

ಇದಕ್ಕೆ ಎಲ್ಲ ಆಟಗಳಿಗೂ ಹೊಂದುವ ಒಂದೇ ಉತ್ತರವಿಲ್ಲ, ಆದರೆ ಎರಡನೇ ಮಹಾಯುದ್ಧದ ಯುದ್ಧದಾಟವಾದ ಬೋಲ್ಟ್ ಆ್ಯಕ್ಷನ್‌ನ 2ನೇ ಆವೃತ್ತಿ ಈ ಪ್ರಶ್ನೆಯನ್ನು ಅಂಗೈಯಲ್ಲಿಟ್ಟಂತೆ ತೋರಿಸುತ್ತದೆ. ಅಲ್ಲಿ ಒಬ್ಬ ಅನನುಭವಿ ಪದಾತಿಗೆ 7, ಸಾಮಾನ್ಯನಿಗೆ 10, ನುರಿತವನಿಗೆ 13 ಪಾಯಿಂಟ್‌ಗಳು. ಗುಂಡು ತಾಗಿದ ಮೇಲೆ ಅನನುಭವಿ 3 ಅಥವಾ ಹೆಚ್ಚು ಬಿದ್ದರೆ ಸಾಯುತ್ತಾನೆ, ಸಾಮಾನ್ಯ 4ಕ್ಕೆ, ನುರಿತವನು 5ಕ್ಕೆ. ಸುಮಾರು 130 ಪಾಯಿಂಟ್‌ಗಳಿಗೆ 18 ಅನನುಭವಿಗಳು, 13 ಸಾಮಾನ್ಯರು ಅಥವಾ 10 ನುರಿತವರು ಸಿಗುತ್ತಾರೆ. ಅವರೆಲ್ಲರನ್ನೂ ಮುಗಿಸಲು ಸರಾಸರಿಯಲ್ಲಿ ಕ್ರಮವಾಗಿ 27, 26 ಮತ್ತು 30 ಗುಂಡುಗಳು ತಾಗಬೇಕು. ಬಾಳಿಕೆಯಲ್ಲಿ ದೊಡ್ಡ ಅಂತರವೇ ಇಲ್ಲ ಎಂಬುದನ್ನು ಗಮನಿಸಿ. ಹಾರಿಸುವ ಬಂದೂಕುಗಳ ಸಂಖ್ಯೆಯಲ್ಲಿ ಹಲವರು ಮುಂದಿದ್ದಾರೆ, ಆದರೂ ಅನನುಭವಿಗಳಿಗೆ ಗುರಿಯಲ್ಲಿ ಒಂದು ಅಂಕ ಕಡಿತವಾಗುತ್ತದೆ.

ನಿಜವಾದ ವ್ಯತ್ಯಾಸ ಇರುವುದು ಮನೋಬಲದಲ್ಲಿ. ಆದೇಶ ಪಾಲಿಸಲು ಎರಡು ದಾಳಗಳ ಮೊತ್ತ ಅನನುಭವಿಗಳಿಗೆ 8, ಸಾಮಾನ್ಯರಿಗೆ 9, ನುರಿತವರಿಗೆ 10 ಅಥವಾ ಅದಕ್ಕಿಂತ ಕಡಿಮೆ ಬೀಳಬೇಕು. ಗುಂಡಿನ ಮಳೆಯಲ್ಲಿ ಸಿಕ್ಕಿದ ಯೂನಿಟ್‌ಗೆ ಬೀಳುವ ಪ್ರತಿಯೊಂದು ಪಿನ್ (ಒತ್ತಡದ ಗುರುತು) ಆ ಅಂಕಿಯನ್ನು ಒಂದರಷ್ಟು ಇಳಿಸುತ್ತದೆ. ಎರಡು ಪಿನ್‌ಗಳು ಬಿದ್ದಾಗ ನುರಿತವರು 72 ಪ್ರತಿಶತ, ಸಾಮಾನ್ಯರು 58 ಪ್ರತಿಶತ, ಅನನುಭವಿಗಳು 42 ಪ್ರತಿಶತ ಸಲ ಆದೇಶ ಪಾಲಿಸುತ್ತಾರೆ. ಅಂದರೆ ನುರಿತವರಿಗೆ ಹೆಚ್ಚಿನ ಪಾಯಿಂಟ್ ಕೊಡುವುದು ಅವರು ಹೆಚ್ಚು ಕೊಲ್ಲುತ್ತಾರೆಂದಲ್ಲ, ಗುಂಡು ಸುರಿಯುವಾಗಲೂ ಮುಂದಕ್ಕೆ ಹೆಜ್ಜೆ ಇಡುತ್ತಾರೆಂದು. ಒಂದೆಡೆ ಬಿದ್ದುಕೊಂಡು ಜಾಗ ಕಾಯುವ ಕೆಲಸಕ್ಕೆ ಅದು ಬೇಕಿಲ್ಲ. ಸೇತುವೆ ದಾಟಿ ಹೋಗುವವರಿಗೆ ಬೇಕು.

ಗುಲ್ಮಪತಿ

ಅದೇ ಆಟದಲ್ಲಿ ಇನ್ನೊಂದು ಅಂಶವಿದೆ. ಪ್ರತಿ ಯೂನಿಟ್‌ಗೆ ಒಂದರಂತೆ ಆದೇಶದ ದಾಳವನ್ನು ಚೀಲಕ್ಕೆ ಹಾಕಿ, ಕೈಗೆ ಬಂದ ದಾಳ ಯಾರದೋ ಅವರು ಒಂದು ಯೂನಿಟ್ ನಡೆಸುತ್ತಾರೆ. ನಿಮ್ಮದು 8, ಎದುರಾಳಿಯದು 12 ಯೂನಿಟ್‌ಗಳಿದ್ದರೆ ಸುತ್ತಿನ ಮೊದಲ ನಡೆ 60 ಪ್ರತಿಶತ ಅವರದೇ. ಹೀಗಿರುವಾಗ ದೊಡ್ಡ ತಂಡವೊಂದನ್ನು ಎರಡು ಚಿಕ್ಕ ತಂಡಗಳಾಗಿ ಒಡೆಯುವುದೇ ಒಂದು ಬಲವಾಗುತ್ತದೆ. ನಿಯಮದ ಪುಸ್ತಕದಲ್ಲಿ ಸರದಿ ಹೇಗೆ ಬರುತ್ತದೆ ಎಂಬ ಪುಟವನ್ನು ಓದದೆ ಪಟ್ಟಿ ಬರೆಯಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮೂರನೆಯ ದಾಳ

ಸಂಖ್ಯೆಯ ಮಾತು ಬಂದದ್ದರಿಂದ ಒಂದು ಸೇರ್ಪಡೆ. ಇಂಗ್ಲಿಷ್ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1916ರಲ್ಲಿ ವಿವರಿಸಿದ ವರ್ಗ ನಿಯಮದ ಪ್ರಕಾರ, ದೂರದಿಂದ ಗುಂಡು ಹಾರಿಸುವ ಎರಡು ಪಡೆಗಳ ಬಲವು ಸಂಖ್ಯೆಯ ವರ್ಗದಂತೆ ಬೆಳೆಯುತ್ತದೆ. ಸಮಾನ ಗುಣದ 10 ಜನ 8 ಜನರನ್ನು ಎದುರಿಸಿ ಕೊನೆಯವರೆಗೂ ಹೋರಾಡಿದರೆ ಉಳಿಯುವವರು 2 ಜನ ಅಲ್ಲ, 6 ಜನ, ಏಕೆಂದರೆ 100ರಲ್ಲಿ 64 ಕಳೆದರೆ 36, ಅದರ ವರ್ಗಮೂಲ 6. ಪಡೆಯನ್ನು ಹಂಚುವುದಕ್ಕಿಂತ ಒಂದೇ ಕಡೆ ಕೂಡಿಸುವುದು ಲಾಭವೆಂದು ಇದು ಹೇಳುತ್ತದೆ.

ಹಳೆಯ ನಕಾಶೆ

ಒಂದು ತಿದ್ದುಪಡಿ ಅಗತ್ಯ. ಆ ನಿಯಮ ಸಲ್ಲುವುದು ಪ್ರತಿಯೊಬ್ಬನಿಗೂ ಎದುರಿನ ಪ್ರತಿಯೊಬ್ಬನ ಮೇಲೆ ಗುಂಡು ಹಾರಿಸಲು ಸಾಧ್ಯವಿದ್ದಾಗ. ಗೋಡೆ, ಕಾಡು, ದಿಣ್ಣೆಗಳು ತುಂಬಿದ ಮೇಜಿನಲ್ಲಿ ಆ ಸ್ಥಿತಿ ಅಪರೂಪ. ಇಬ್ಬರು ನಿಲ್ಲುವಷ್ಟೇ ಅಗಲದ ಬಾಗಿಲಿನಲ್ಲಿ ಕತ್ತಿ ಬೀಸುವಾಗ ಹಿಂದಿರುವ ಎಂಟು ಜನರ ಸಂಖ್ಯೆ ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಬಲವು ಸಂಖ್ಯೆಯಷ್ಟೇ ಬೆಳೆಯುತ್ತದೆ, ವರ್ಗದಂತೆ ಅಲ್ಲ. ಆದ್ದರಿಂದ ಸೈನ್ಯವನ್ನು ಮೇಜಿನ ಜೊತೆ ಸೇರಿಸಿಯೇ ಯೋಚಿಸಬೇಕು.

ಸಮ ಪಾಯಿಂಟ್‌ಗಳ ಸೈನ್ಯವೇ ಸಹಜ ಎಂಬ ಭಾವನೆಯೂ ತೀರಾ ಹಳೆಯದಲ್ಲ. ಪ್ರಷ್ಯದಲ್ಲಿ ತಂದೆ ರೈಸ್‌ವಿಟ್ಸ್ 1812ರಲ್ಲಿ ದೊರೆಗೆ ಒಪ್ಪಿಸಿದ ಯುದ್ಧದಾಟವನ್ನು ಮಗ ಬೆಳೆಸಿ 1824ರಲ್ಲಿ ನಿಯಮಗಳನ್ನು ಪ್ರಕಟಿಸಿದಾಗ, ಸೇನಾಧಿಕಾರಿಗಳು 1:8000 ಅಳತೆಯ ನಕಾಶೆಯ ಮೇಲೆ ಅಚ್ಚುಗಳನ್ನು ಇಟ್ಟು, ಆದೇಶಗಳನ್ನು ಬರೆದು ನಡುವಣ ತೀರ್ಪುಗಾರರ ಕೈಗೆ ಕೊಡುತ್ತಿದ್ದರು. ಪಡೆಗಳು ಸಮವಾಗಿರಬೇಕೆಂಬ ಕಟ್ಟು ಅಲ್ಲಿರಲಿಲ್ಲ. ಸಂದರ್ಭಕ್ಕೆ ತಕ್ಕ ಗುರಿ ಪ್ರತಿ ಪಕ್ಷಕ್ಕೂ ಇರುತ್ತಿತ್ತು. ಚಿಕ್ಕ ಪಡೆಗೆ ಸಂಜೆಯವರೆಗೆ ಸೇತುವೆ ಕಾಯುವ ಕೆಲಸ ಕೊಟ್ಟರೆ ಅದು ಸೋಲಲೆಂದೇ ಹುಟ್ಟಿದ ಪಡೆಯಾಗುವುದಿಲ್ಲ.

ಇನ್ನೊಂದು ತುದಿಯಲ್ಲಿ 1990ರಲ್ಲಿ ಬಂದ ಡಿ ಬೆಲ್ಲಿಸ್ ಆ್ಯಂಟಿಕ್ವಿಟಾಟಿಸ್ ಎಂಬ ಪ್ರಾಚೀನ ಹಾಗೂ ಮಧ್ಯಯುಗದ ಸೈನ್ಯಗಳ ಆಟ ಇದೆ. ಅದರಲ್ಲಿ ಪಾಯಿಂಟ್‌ಗಳೇ ಇಲ್ಲ. ಯಾವ ಸೈನ್ಯಕ್ಕಾದರೂ 12 ಘಟಕಗಳು, ಅವು ಯಾವುವು ಎಂಬುದನ್ನು ಆಯಾ ಜನರ ಇತಿಹಾಸವೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಪ್ರತಿ ಸರದಿಯಲ್ಲಿ ಒಂದು ದಾಳ ಎಸೆದು, ಬಿದ್ದಷ್ಟು ನಡೆಗಳನ್ನು ಮಾತ್ರ ನಡೆಸಬಹುದು. 12 ಘಟಕಗಳಿದ್ದು 1 ಬಿದ್ದರೆ ಹನ್ನೊಂದು ಸುಮ್ಮನೆ ನಿಲ್ಲುತ್ತವೆ, ಆದ್ದರಿಂದ ಆಟಗಾರ ಘಟಕಗಳನ್ನು ಒಂದೇ ಗುಂಪಾಗಿ ನಡೆಸಲು ಕಲಿಯುತ್ತಾನೆ. ಕೊರತೆಯೇ ಅಲ್ಲಿ ವ್ಯೂಹವನ್ನು ಕಲಿಸುತ್ತದೆ.

ನಮ್ಮ ಅಕ್ಷೌಹಿಣಿಯ ಲೆಕ್ಕವನ್ನೂ ಒಂದು ಸೈನ್ಯಪಟ್ಟಿಯೆಂದು ಓದಬಹುದು. ಮೂಲ ಘಟಕವಾದ ಪತ್ತಿಯಲ್ಲಿ 1 ರಥ, 1 ಆನೆ, 3 ಕುದುರೆ, 5 ಕಾಲಾಳು. ಅದನ್ನು ಮೂರುಮೂರರಂತೆ ಏರಿಸಿದರೆ ಸೇನಾಮುಖ, ಗುಲ್ಮ, ಗಣ, ವಾಹಿನಿ, ಪೃತನೆ, ಚಮು, ಅನೀಕಿನಿ. ಹತ್ತು ಅನೀಕಿನಿಗಳು ಸೇರಿ 21,870 ರಥಗಳ ಒಂದು ಅಕ್ಷೌಹಿಣಿ. ನನಗೆ ಇದರಲ್ಲಿ ಮೆಚ್ಚುಗೆಯಾಗುವುದು ದೊಡ್ಡ ಸಂಖ್ಯೆಯಲ್ಲ, ಅತಿ ಚಿಕ್ಕ ಘಟಕದಲ್ಲೇ ನಾಲ್ಕೂ ಅಂಗಗಳು ಇವೆ ಎಂಬುದು. ಹತ್ತು ಅಚ್ಚುಗಳ ಪತ್ತಿಯೂ ತನ್ನಷ್ಟಕ್ಕೆ ಒಂದು ಪೂರ್ಣ ಸೈನ್ಯ. ಹೊಸಬರು ಮೊದಲು 500 ಪಾಯಿಂಟ್‌ಗಳಲ್ಲಿ ಎಲ್ಲ ಕೆಲಸಗಳೂ ಇರುವ ಸಣ್ಣ ಸೈನ್ಯ ಕಟ್ಟಿ, ಅದನ್ನೇ ಬೆಳೆಸಲಿ ಎಂದು ನಾನು ಹೇಳುತ್ತಿರುವುದು ಇದೇ ಕಾರಣಕ್ಕೆ.

ಸೂತ್ರಧಾರ

ಇಷ್ಟು ಹೊತ್ತು ಸೈನ್ಯದ ಮಾತೇ ಆಯಿತು. ದಳಪತಿಯವರೆ, ನಿಮ್ಮ ಪಾತ್ರದ ಕಡೆ ಬರುತ್ತೇನೆ. ಹಲವು ವರ್ಷಗಳಿಂದ ಗೇಮ್ ಮಾಸ್ಟರ್ (ಕಥೆ ನಡೆಸುವವನು) ಆಗಿ ಕೂತವನಾಗಿ ಹೇಳುವುದಾದರೆ, ನಿಮ್ಮ ಬಾಯಿ ಕಟ್ಟಿದ್ದು ಆ ಮೂರು 8ಗಳಲ್ಲ. 8ಕ್ಕೆ ದಾಳದ ಎಸೆತದಲ್ಲಿ ಕಡಿತ 1, 10ಕ್ಕೆ ಕಡಿತವೂ ಇಲ್ಲ, ಏರಿಕೆಯೂ ಇಲ್ಲ. 15 ತಲುಪಬೇಕಾದ ಪರೀಕ್ಷೆಯಲ್ಲಿ 20 ಮುಖದ ದಾಳದಿಂದ 10 ಇದ್ದವನು 30 ಪ್ರತಿಶತ ಗೆದ್ದರೆ 8 ಇದ್ದವನು 25 ಪ್ರತಿಶತ ಗೆಲ್ಲುತ್ತಾನೆ. ಇಪ್ಪತ್ತು ಎಸೆತಗಳಲ್ಲಿ ಒಂದೇ ಒಂದು ಎಸೆತದ ವ್ಯತ್ಯಾಸ. ಹಾಳೆಯ ಮೇಲಿನ 8ನ್ನು ನೋಡಿ ಮಾತಾಡಬಾರದೆಂದು ನಿರ್ಧರಿಸಿದವರು ನೀವು, ನಿಯಮಗಳಲ್ಲ.

ಪಾತ್ರ ಮಂಕಾಗಿರುವುದಕ್ಕೆ ಬೇರೆ ಕಾರಣವಿದೆ. ಗುಲ್ಮಪತಿಯವರ ಕ್ರಿಯಾಪದವನ್ನೇ ಎರವಲು ಪಡೆಯುತ್ತೇನೆ. ನಿಮ್ಮ ಪಾತ್ರಕ್ಕೆ ಕಾಳಗದೊಳಗೆ ಕ್ರಿಯಾಪದವಿದೆ, ಹೊರಗೆ ಇಲ್ಲ. ಅವನು ಯಾರನ್ನು ಹುಡುಕುತ್ತಿದ್ದಾನೆ, ಯಾರಿಗೆ ಋಣಿಯಾಗಿದ್ದಾನೆ, ಯಾವುದನ್ನು ಬಚ್ಚಿಟ್ಟಿದ್ದಾನೆ? ಹತ್ತು ಪುಟಗಳ ಹಿನ್ನೆಲೆಯ ಕಥೆ ಬೇಡ. ಮುಗಿದುಹೋದ ಕಥೆಯಿಂದ ನನಗೆ, ಅಂದರೆ ಮೇಜಿನ ಈ ಬದಿಯಲ್ಲಿ ಕೂತವನಿಗೆ, ಏನೂ ಪ್ರಯೋಜನವಿಲ್ಲ. ಮುಗಿಯದೆ ಉಳಿದ ಒಂದೇ ಒಂದು ಸಂಗತಿ ಸಾಕು.

ಉದಾಹರಣೆಗೆ, ಇವನು ಕೋಟೆಯ ಬಾಗಿಲು ಕಾಯುತ್ತಿದ್ದವನು, ಓದು ಬಾರದವನು. ಒಂದು ರಾತ್ರಿ ಗಾಯಗೊಂಡ ಸವಾರನೊಬ್ಬ ಇವನ ಕೈಗೆ ಮುದ್ರೆ ಹಾಕಿದ ಪತ್ರವನ್ನು ಕೊಟ್ಟು, ಯಾರಿಗೆಂದು ಹೇಳುವ ಮೊದಲೇ ಸತ್ತ. ಪತ್ರದ ಮೇಲೆ ಹೆಸರು ಬರೆದಿದೆ, ಆದರೆ ಇವನಿಗೆ ಓದಲು ಬಾರದು. ಓದಲು ಬಾರದೆಂದು ಒಪ್ಪಿಕೊಳ್ಳುವ ನಾಚಿಕೆಯಿಂದ ಆರು ವರ್ಷ ಯಾರಿಗೂ ತೋರಿಸಿಲ್ಲ. ಈಗ ಅದೇ 8ರ ಬುದ್ಧಿ ನಿಮಗೆ ಮಾತಾಡಲು ಕಾರಣ ಕೊಡುತ್ತದೆ. ಹೊಸ ಊರಿಗೆ ಬಂದಾಗಲೆಲ್ಲ ಅಂಗಡಿಯ ಬೋರ್ಡನ್ನು ಓದಿದಂತೆ ನಟಿಸುವವನು, ಜೊತೆಯವರು ಓಲೆ ಓದುವಾಗ ಅವರ ತುಟಿಗಳನ್ನೇ ನೋಡುವವನು ನಿಮ್ಮ ಎದುರಿಗೆ ಬಂದು ನಿಲ್ಲುತ್ತಾನೆ.

ಏಳನೆಯ ಕೋಣೆ

ಸೂತ್ರಧಾರರ ಮಾತಿನಲ್ಲಿ ನನಗೆ ಅರ್ಧ ಒಪ್ಪಿಗೆಯಿದೆ. ಅಂಕಿಗಳು ಮುಖ್ಯವಲ್ಲ ಎಂಬ ಸಲಹೆಯನ್ನು ಅಕ್ಷರಶಃ ತೆಗೆದುಕೊಂಡ ಆಟಗಾರರ ಜೊತೆ ನಾನು ಕಠಿಣವಾದ ನೆಲಮಾಳಿಗೆಯ ಸಾಹಸಗಳನ್ನು ಆಡಿದ್ದೇನೆ. ತನ್ನ ಮುಖ್ಯ ಕೆಲಸದಲ್ಲೇ ದುರ್ಬಲನಾದ ಯೋಧನ ಭಾರವನ್ನು ಉಳಿದ ಮೂವರು ಹೊರಬೇಕಾಗುತ್ತದೆ, ಅವನನ್ನು ಎಬ್ಬಿಸಲು ವೈದ್ಯನ ಪಾತ್ರ ತನ್ನ ಸರದಿಗಳನ್ನೆಲ್ಲ ಕಳೆಯುತ್ತದೆ. ಮೇಜಿನ ಸುತ್ತ ಕೂತ ಇತರರ ಸಂಜೆಯೂ ನಮ್ಮ ಹಾಳೆಯ ಮೇಲೆ ನಿಂತಿರುತ್ತದೆ ಎಂಬುದನ್ನು ಮರೆಯಬಾರದು.

ಮೂರನೆಯ ದಾಳ

ಇಬ್ಬರ ಮಾತನ್ನೂ ಉಳಿಸುವ ದಾರಿ ಈ 27 ಪಾಯಿಂಟ್‌ಗಳಲ್ಲೇ ಇದೆ. 15ಕ್ಕೆ 9 ಪಾಯಿಂಟ್ ಬೇಕು, 14ಕ್ಕೆ 7 ಸಾಕು, 8ರಿಂದ 10ಕ್ಕೆ ಏರಲು 2 ಸಾಕು. ಬಲವನ್ನು 14ಕ್ಕೆ ಇಳಿಸಿದರೆ ಜನಾಂಗದ 2 ಸೇರಿ 16 ಆಗುತ್ತದೆ, ಏರಿಕೆ 3. ಈಗಿರುವ 17ಕ್ಕೂ ಏರಿಕೆ 3. ಚುರುಕುತನವನ್ನು 14ಕ್ಕೆ ಇಳಿಸಿದರೂ ಏರಿಕೆ 2 ಹಾಗೆಯೇ ಉಳಿಯುತ್ತದೆ. ಉಳಿದ 4 ಪಾಯಿಂಟ್‌ಗಳಿಂದ ವಿವೇಕ, ವರ್ಚಸ್ಸು ಎರಡೂ 10ಕ್ಕೆ ಬರುತ್ತವೆ. 14, 15, 14, 8, 10, 10 ಎಂದಾದರೆ ಇಂದಿನ ಕಾಳಗದಲ್ಲಿ ಒಂದು ಅಂಕವೂ ನಷ್ಟವಿಲ್ಲ.

ಏಳನೆಯ ಕೋಣೆ

ಇಂದಿನ ಕಾಳಗದಲ್ಲಿ ನಷ್ಟವಿಲ್ಲ ಎಂಬುದು ಸರಿ. ಆದರೆ ಬಲ 17 ಇದ್ದವನು ಮುಂದೆ 4ನೇ ಹಂತದಲ್ಲಿ ಒಂದೇ ಅಂಕ ಸೇರಿಸಿ 18 ಮುಟ್ಟಿ, ಉಳಿದ ಒಂದನ್ನು ಬೇರೆ ಗುಣಕ್ಕೆ ಹಾಕಬಹುದು. 16 ಇದ್ದವನಿಗೆ ಎರಡೂ ಬೇಕಾಗುತ್ತವೆ. ಪಂಗಡದ ಆಟ ಅಷ್ಟು ದೂರ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಂಡು ನಿರ್ಧರಿಸಿ.

ಹಳೆಯ ನಕಾಶೆ

1974ರಲ್ಲಿ ಈ ಆಟ ಮೊದಲು ಬಂದಾಗ ಇಂಥ ಚರ್ಚೆಗೆ ಆಸ್ಪದವೇ ಇರಲಿಲ್ಲ. ಮೂರು ದಾಳಗಳನ್ನು ಆರು ಸಲ ಎಸೆದು, ಬಿದ್ದ ಕ್ರಮದಲ್ಲೇ ಬರೆದುಕೊಳ್ಳಬೇಕಿತ್ತು. 18 ಬೀಳುವುದು 216ರಲ್ಲಿ ಒಂದು ಸಲ. 1977ರ ಟ್ರಾವೆಲರ್ ಎಂಬ ಪಾತ್ರದಾಟದಲ್ಲಿ ಪಾತ್ರದ ಹಿಂದಿನ ಉದ್ಯೋಗಜೀವನವನ್ನೇ ದಾಳದಿಂದ ಆಡಬೇಕಿತ್ತು, ಆಟ ಶುರುವಾಗುವ ಮೊದಲೇ ಪಾತ್ರ ಸಾಯಲೂಬಹುದಿತ್ತು. ಇನ್ನೊಂದು ಅವಧಿ ಸೇವೆಯಲ್ಲಿ ಉಳಿದು ಹೊಸ ಕೌಶಲ ಕಲಿಯುವುದೋ, ಇದ್ದಷ್ಟಕ್ಕೆ ತೃಪ್ತನಾಗಿ ಹೊರಬರುವುದೋ ಎಂದು ಪೆನ್ಸಿಲ್ ಹಿಡಿದು ಯೋಚಿಸುವಾಗಲೇ ಆ ಮನುಷ್ಯ ಯಾರೆಂಬುದು ಗೊತ್ತಾಗುತ್ತಿತ್ತು. ಆರಿಸಿಕೊಳ್ಳದೆ ಬಂದ ಕೊರತೆಗಳನ್ನು ಹೊತ್ತ ಪಾತ್ರದ ಜೊತೆ ಒಮ್ಮೆಯಾದರೂ ಆಡಿ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಸೂತ್ರಧಾರ

ಕೊರತೆಗೆ ಪಾಯಿಂಟ್ ಕೊಡುವ ಪದ್ಧತಿಗಳ ಬಗ್ಗೆಯೂ ಒಂದು ಮಾತು. 1981ರ ಚಾಂಪಿಯನ್ಸ್, 1986ರ ಗರ್ಪ್ಸ್ ಎಂಬ ಎರಡು ಪಾತ್ರದಾಟಗಳಲ್ಲೂ ಪಾತ್ರದ ದೌರ್ಬಲ್ಯವನ್ನು ಮೊದಲೇ ಬರೆದುಕೊಟ್ಟರೆ ಅದಕ್ಕೆ ಪ್ರತಿಯಾಗಿ ಪಾಯಿಂಟ್‌ಗಳು ಸಿಗುತ್ತವೆ. ಮರುಭೂಮಿಯ ಕಥೆಯಲ್ಲಿ ಆಳವಾದ ನೀರಿಗೆ ಹೆದರುವ ಪಾತ್ರವನ್ನು ಯಾರೋ ತಂದಾಗ ಆ ಪಾಯಿಂಟ್‌ಗಳು ಬಿಟ್ಟಿಯಾಗಿ ಹೋಗುತ್ತವೆ. ಫೇಟ್ ಆಟದಲ್ಲಿ ಆ ದೌರ್ಬಲ್ಯ ಮೇಜಿನ ಮೇಲೆ ನಿಜವಾಗಿ ತೊಂದರೆ ಕೊಟ್ಟಾಗ ಮಾತ್ರ ಆಟಗಾರನಿಗೆ ಪ್ರತಿಫಲ. ನನ್ನ ಮೇಜಿನಲ್ಲಿ ಯಾವ ನಿಯಮದ ಆಟವಾದರೂ ಈ ಎರಡನೆಯ ಕ್ರಮವನ್ನೇ ಅನುಸರಿಸುತ್ತೇನೆ, ಏಕೆಂದರೆ ಆಗ ಆಟಗಾರರು ತಮ್ಮ ಕೊರತೆಯನ್ನು ಬಚ್ಚಿಡದೆ ತಾವೇ ಮುಂದೆ ತರುತ್ತಾರೆ.

ಕುಂಚದ ತುದಿ

ಬಣ್ಣ ಹಚ್ಚುವವಳಾಗಿ ನನ್ನದೊಂದು ವಿನಂತಿ. ಪಟ್ಟಿ ಬದಲಾಯಿಸುವ ಮೊದಲು ಹೊಸ ಬೊಂಬೆಗಳ ಪೆಟ್ಟಿಗೆ ತೆರೆಯಬೇಡಿ. ರಟ್ಟನ್ನು ಬೊಂಬೆ ನಿಲ್ಲುವ ಸರಿಯಾದ ಬೇಸ್‌ನ ಅಳತೆಗೆ ಕತ್ತರಿಸಿ, ಮೇಲೆ ಯೂನಿಟ್‌ನ ಹೆಸರು ಬರೆದು, ಎದುರಾಳಿಯ ಒಪ್ಪಿಗೆಯಿಂದ ಮೂರು ಆಟ ಆಡಿ. ಆಮೇಲೂ ಆ ಯೂನಿಟ್ ಬೇಕೆನಿಸಿದರೆ ಅಂಟು ಹಚ್ಚಿ. ಆಯುಧ ಬದಲಾಯಿಸಬಹುದಾದ ಬೊಂಬೆಗಳಿಗೆ ಭುಜದಲ್ಲಿ ಸಣ್ಣ ಆಯಸ್ಕಾಂತ ಕೂರಿಸುವುದು ಒಳ್ಳೆಯದು, ಆದರೆ ಎಲ್ಲ ಕೈಗಳಲ್ಲೂ ಅದರ ಧ್ರುವ ಒಂದೇ ದಿಕ್ಕಿಗಿರುವಂತೆ ಅಂಟು ಹಾಕುವ ಮೊದಲೇ ಗುರುತು ಮಾಡಿಕೊಳ್ಳಿ.

ಕಾಲಾಳುಗಳನ್ನು ಐದೈದರಂತೆ ಹಿಡಿದುಕೊಳ್ಳಿ. ಇಪ್ಪತ್ತನ್ನು ಒಟ್ಟಿಗೆ ಸಾಲು ನಿಲ್ಲಿಸಿದರೆ ಹನ್ನೆರಡನೆಯ ಬೆಲ್ಟಿನ ಹೊತ್ತಿಗೆ ಕೈ ಸೋಲುತ್ತದೆ, ಆ ಸಾಲು ತಿಂಗಳುಗಟ್ಟಲೆ ಬೂದು ಪ್ರೈಮರ್‌ನಲ್ಲೇ ಉಳಿಯುತ್ತದೆ. ಬಣ್ಣವನ್ನು ನೀರಿನಿಂದ ತೆಳುವಾಗಿಸಿ ಎರಡು ಪದರ ಹಚ್ಚಿ. ಆಡುವಾಗ ಬೊಂಬೆ ಕಣ್ಣಿನಿಂದ ಒಂದು ತೋಳಿನಷ್ಟು ದೂರದಲ್ಲಿರುತ್ತದೆ, ಅಲ್ಲಿಂದ ಕಾಣುವುದು ಮುಖ, ಆಯುಧದ ಅಂಚು ಮತ್ತು ಬೇಸ್‌ನ ಸುತ್ತಂಚು ಮಾತ್ರ. ಸುತ್ತಂಚಿಗೆ ಇಡೀ ಸೈನ್ಯದಲ್ಲಿ ಒಂದೇ ಬಣ್ಣ ಕೊಟ್ಟರೆ ಬೇರೆ ಬೇರೆ ಕಾಲದಲ್ಲಿ ಮುಗಿಸಿದ ತಂಡಗಳೂ ಒಂದೇ ಪಡೆಯಂತೆ ಕಾಣುತ್ತವೆ. ಕ್ರಿಯಾಪದದ ಮಾತು ನನಗೆ ಬಹಳ ಹಿಡಿಸಿತು. ನಾನು ಹಿಡಿದು ನಿಲ್ಲುವ ತಂಡಗಳ ಭುಜಕ್ಕೆ ಬಿಳಿ ಪಟ್ಟಿ, ಓಡುವ ತಂಡಗಳಿಗೆ ಹಳದಿ ಪಟ್ಟಿ ಹಾಕುತ್ತೇನೆ. ನಾಲ್ಕನೆಯ ಸುತ್ತಿನ ದಣಿವಿನಲ್ಲಿ ಯಾರ ಕೆಲಸ ಏನೆಂದು ಆ ಪಟ್ಟಿಯೇ ನೆನಪಿಸುತ್ತದೆ.

ಹೊಸ ದಳಪತಿ

ಆರು ವಾರಗಳ ನಂತರ ಮರಳಿ ಬರೆಯುತ್ತಿದ್ದೇನೆ. ಆಯ್ದ ಯೋಧರನ್ನು ಹತ್ತರಿಂದ ಐದಕ್ಕೆ ಇಳಿಸಿದೆ, ಒಂದು ಟ್ಯಾಂಕನ್ನು ಕಪಾಟಿನಲ್ಲಿಟ್ಟೆ. ಆ ಪಾಯಿಂಟ್‌ಗಳಲ್ಲಿ ಎರಡು ಕಾಲಾಳು ತಂಡಗಳು, ಮುಂದೆ ಹೋಗಿ ಅಡಗಿ ನಿಲ್ಲುವ ಒಂದು ಬೇಹುತಂಡ ಮತ್ತು ಫಿರಂಗಿಯಿರುವ ಎರಡು ಹಗುರ ವಾಹನಗಳು ಬಂದವು. ಒಡೆಯುವ ಗುಂಡುಗಳು ಈಗ ನಾಲ್ಕು. ಎಲ್ಲ ಹೊಸ ಯೂನಿಟ್‌ಗಳನ್ನೂ ರಟ್ಟಿನಲ್ಲೇ ಆಡಿದೆ.

ಎರಡು ಆಟಗಳಲ್ಲಿ ಒಂದನ್ನು ಗೆದ್ದೆ, ಇನ್ನೊಂದನ್ನು ಕೇವಲ ನಾಲ್ಕು ಅಂಕಗಳಿಂದ ಸೋತೆ. ಗೆದ್ದ ಆಟದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಟ್ಯಾಂಕ್ ಅಲ್ಲ. 'ಹಿಡಿ' ಎಂದು ಬರೆದಿದ್ದ ಐದು ಜನರ ತಂಡ ಎರಡನೆಯ ಸುತ್ತಿನಲ್ಲಿ ಬಲಮೂಲೆಯ ಪಾಳುಗೋಡೆಯ ಹಿಂದೆ ನಿಂತಿತು. ನಾಲ್ಕನೆಯ ಸುತ್ತಿನಲ್ಲಿ ಇಬ್ಬರೇ ಉಳಿದಿದ್ದರು. ಅವರನ್ನು ಮುಂದೆ ಕಳಿಸಿ ಗುಂಡು ಹಾರಿಸಬೇಕೆಂದು ಕೈ ತುರಿಸುತ್ತಿತ್ತು, ಆದರೆ ಪಟ್ಟಿಯಲ್ಲಿದ್ದ ಪದವನ್ನು ನೋಡಿ ಸುಮ್ಮನೆ ನಿಲ್ಲಿಸಿದೆ. ಐದನೆಯ ಸುತ್ತು ಮುಗಿದಾಗಲೂ ಆ ಇಬ್ಬರು ಅಲ್ಲೇ ಇದ್ದರು, ಮೂಲೆ ನನ್ನದಾಗಿತ್ತು. ಸೋತ ಆಟದಲ್ಲಿ ನಾಲ್ಕು ಗುಂಡುಗಳೂ ಎರಡು ಸುತ್ತು ವ್ಯರ್ಥವಾದವು, ಆದರೂ ಕೊನೆಯ ಸುತ್ತಿನವರೆಗೆ ಮಾಡಲು ಕೆಲಸವಿತ್ತು.

ಪಾತ್ರಕ್ಕೆ ಮೂರನೆಯ ದಾಳ ಅವರು ಹೇಳಿದ ಹಂಚಿಕೆಯನ್ನೇ ಇಟ್ಟುಕೊಂಡೆ, ಬುದ್ಧಿಯ 8 ಹಾಗೆಯೇ ಇದೆ. ಕಾವಲುಗಾರನ ಪತ್ರವನ್ನೂ ಸೂತ್ರಧಾರರ ಅನುಮತಿಯಿದೆಯೆಂದು ಭಾವಿಸಿ ತೆಗೆದುಕೊಂಡೆ. ನಮ್ಮ ಗೇಮ್ ಮಾಸ್ಟರ್ ಅದನ್ನು ನಿಜವಾದ ಕಾಗದದಲ್ಲಿ ಬರೆದು, ಮಡಚಿ, ಕೆಂಪು ಮೇಣದಿಂದ ಮುಚ್ಚಿ ನನ್ನ ಕೈಗೆ ಕೊಟ್ಟಿದ್ದಾರೆ. ಒಳಗೇನಿದೆಯೆಂದು ನನಗೂ ಗೊತ್ತಿಲ್ಲ. ಕಳೆದ ಸಲ ಊರಿನ ಹೆಬ್ಬಾಗಿಲಲ್ಲಿ ಪಹರೆಯವನು ನಮ್ಮ ಪರವಾನಗಿಯನ್ನು ನನ್ನ ಪಾತ್ರದ ಕೈಗೇ ಕೊಟ್ಟು ಓದಿ ಹೇಳು ಎಂದ. ನಾನು ಹಾಳೆಯನ್ನು ತಲೆಕೆಳಗಾಗಿ ಹಿಡಿದು ಎಲ್ಲ ಸರಿಯಿದೆ ಎಂದೆ. ಜೊತೆಯಲ್ಲಿದ್ದ ಕಳ್ಳಿಯ ಪಾತ್ರದವರು ಅದನ್ನು ಗಮನಿಸಿದರು, ಏನೂ ಹೇಳದೆ ಮೆಲ್ಲನೆ ಹಾಳೆಯನ್ನು ನೇರಮಾಡಿ ಕೊಟ್ಟರು. ಆ ಸಂಜೆ ಒಂದೂ ಕಾಳಗ ನಡೆಯಲಿಲ್ಲ.

ಸೂತ್ರಧಾರ

ಅನುಮತಿ ಖಂಡಿತ ಇದೆ. ಆ ಕಳ್ಳಿಯ ಪಾತ್ರದವರು ಒಳ್ಳೆಯ ಆಟಗಾರ್ತಿ. ಪತ್ರವನ್ನು ಯಾವಾಗ ಒಡೆಯಬೇಕೆಂಬುದನ್ನು ಗೇಮ್ ಮಾಸ್ಟರ್‌ಗೆ ಬಿಡಬೇಡಿ, ನೀವೂ ಅವರೂ ಸೇರಿ ನಿರ್ಧರಿಸಿ.

ಕುಂಚದ ತುದಿ

ಕಾವಲುಗಾರನ ಬೊಂಬೆಗೆ ಪತ್ರವನ್ನು ಸೇರಿಸುವುದಾದರೆ ತೆಳ್ಳನೆಯ ಕಾಗದದ ಚೂರೊಂದನ್ನು ಮಡಚಿ ಬೆಲ್ಟಿನ ಎಡಬದಿಗೆ, ಕೈ ಅರ್ಧ ಮುಚ್ಚುವ ಜಾಗದಲ್ಲಿ ಅಂಟಿಸಿ. ಮುದ್ರೆಗೆ ನೇರವಾಗಿ ಕೆಂಪು ಹಚ್ಚಿದರೆ ಮಂಕಾಗುತ್ತದೆ, ಆದ್ದರಿಂದ ಮೊದಲು ಬಿಳಿಯ ಚುಕ್ಕೆಯಿಟ್ಟು, ಅದು ಪೂರ್ತಿ ಒಣಗಿದ ಮೇಲೆ ಕೆಂಪು ಹಚ್ಚಿ.